ನಳಿಗೆಗಿಂತ ಕಿರಿದಾದ ಗುಂಡು: ಮಸ್ಕೆಟ್ ಎಂಬ ಕೋವಿಯನ್ನು ಅರ್ಥಮಾಡಿಕೊಳ್ಳುವುದು ಹೇಗೆ?

ಚುನಾವಣೆ ಘೋಷಣೆಯಾದೊಡನೆ ಮಲೆನಾಡು ಮತ್ತು ಕರಾವಳಿಯ ಪೊಲೀಸ್ ಠಾಣೆಗಳಲ್ಲಿ ಒಂದು ದೃಶ್ಯ ಮರುಕಳಿಸುತ್ತದೆ. ಹಂದಿ, ಮಂಗಗಳಿಂದ ಬೆಳೆ ಕಾಯಲೆಂದು ಪರವಾನಗಿ ಪಡೆದ ಕೃಷಿಕರು ತಮ್ಮ ಕೋವಿಗಳನ್ನು ಗೋಣಿಚೀಲದಲ್ಲಿ ಸುತ್ತಿ ತಂದು ಠೇವಣಿ ಇಡುತ್ತಾರೆ, ಮತದಾನ ಮುಗಿದ ಮೇಲೆ ಬಿಡಿಸಿಕೊಂಡು ಹೋಗುತ್ತಾರೆ. ಅವರಲ್ಲಿ ಹಲವರ ಪರವಾನಗಿ ಪುಸ್ತಕದಲ್ಲಿ ಕೋವಿಯ ಹೆಸರಿನ ಮುಂದೆ ‘ಎಸ್‌ಬಿಎಂಎಲ್’ ಎಂಬ ನಾಲ್ಕು ಅಕ್ಷರಗಳಿರುತ್ತವೆ. ಒಂಟಿ ನಳಿಗೆಯ, ಬಾಯಿಯಿಂದಲೇ ಮದ್ದು ತುಂಬಬೇಕಾದ ಕೋವಿ ಎಂಬುದು ಅದರ ಅರ್ಥ. ಹೀಗೆ ಬಾಯಿಯಿಂದ ತುಂಬುವ ಕೋವಿಯನ್ನು ಹೆಗಲ ಮೇಲಿಟ್ಟುಕೊಂಡ ಕಾಲಾಳುಗಳೇ ಸುಮಾರು ಮುನ್ನೂರು ವರ್ಷಗಳ ಕಾಲ ಜಗತ್ತಿನ ಬಹುಪಾಲು ಯುದ್ಧಗಳ ಸೋಲುಗೆಲುವನ್ನು ನಿರ್ಧರಿಸಿದರು. ಆ ಕೋವಿಗೆ ಯುರೋಪಿನವರು ಇಟ್ಟ ಹೆಸರು ಮಸ್ಕೆಟ್. ಶ್ರೀರಂಗಪಟ್ಟಣದ ಕಥೆಯಿಂದ 1857ರ ದಂಗೆಯವರೆಗೆ ನಾವು ಶಾಲೆಯಲ್ಲಿ ಓದಿದ ಅನೇಕ ಘಟನೆಗಳು ಈ ಆಯುಧದ ರಚನೆಯೊಂದಿಗೆ ನೇರವಾಗಿ ಬೆಸೆದುಕೊಂಡಿವೆ. ಆದರೂ ಅದು ಹೇಗೆ ಕೆಲಸ ಮಾಡುತ್ತಿತ್ತು ಎಂಬುದನ್ನು ಪಠ್ಯಪುಸ್ತಕಗಳು ಸಾಮಾನ್ಯವಾಗಿ ಹೇಳುವುದಿಲ್ಲ.

ಮಸ್ಕೆಟ್ ಎಂದರೆ ಯಾವುದು, ಯಾವುದಲ್ಲ

ಪತ್ರಿಕೆಗಳ ಭಾಷೆಯಲ್ಲಿ ಉದ್ದನೆಯ ಕೋವಿಗಳೆಲ್ಲವೂ ‘ಬಂದೂಕು’. ಮಸ್ಕೆಟನ್ನು ಉಳಿದವುಗಳಿಂದ ಬೇರ್ಪಡಿಸುವ ಲಕ್ಷಣಗಳು ಮೂರು. ಮೊದಲನೆಯದು, ಅದನ್ನು ಹೆಗಲಿಗೆ ಆನಿಸಿ ಹೊಡೆಯಬೇಕು. ಎರಡನೆಯದು, ಮದ್ದು ಮತ್ತು ಗುಂಡು ಎರಡೂ ನಳಿಗೆಯ ತುದಿಯಿಂದ, ಅಂದರೆ ಗುಂಡು ಹೊರಬರುವ ಬಾಯಿಯಿಂದಲೇ ಒಳಗೆ ಹೋಗಬೇಕು. ಮೂರನೆಯದೇ ಮುಖ್ಯವಾದದ್ದು: ನಳಿಗೆಯ ಒಳಮೈ ನೀರಿನ ಪೈಪಿನ ಹಾಗೆ ನುಣುಪಾಗಿರುತ್ತದೆ. ಒಳಮೈಯಲ್ಲಿ ತಿರುಪಿನಂತೆ ಸುತ್ತುವ ಗೀರುಗಳನ್ನು ಕೊರೆದರೆ ಅದೇ ಕೋವಿ ರೈಫಲ್ ಆಗುತ್ತದೆ. ಹೊರಗಿನಿಂದ ನೋಡಿದರೆ ಎರಡರ ನಡುವೆ ಹೆಚ್ಚು ವ್ಯತ್ಯಾಸ ಕಾಣದಿದ್ದರೂ ಅವುಗಳ ನಡತೆ ಮಾತ್ರ ಪೂರ್ತಿ ಬೇರೆ.

ಈ ಹೆಸರು ಚಾಲ್ತಿಗೆ ಬಂದದ್ದು 16ನೆಯ ಶತಮಾನದ ಯುರೋಪಿನಲ್ಲಿ. ಆಗ ಸ್ಪೇನಿನ ಸೈನ್ಯ ಬಳಸುತ್ತಿದ್ದ ಮಸ್ಕೆಟ್ ಎಷ್ಟು ಭಾರವಾಗಿತ್ತೆಂದರೆ, ಕವಲುಗೋಲೊಂದನ್ನು ನೆಲಕ್ಕೆ ಊರಿ ಅದರ ಮೇಲೆ ನಳಿಗೆಯನ್ನಿಟ್ಟು ಹೊಡೆಯಬೇಕಾಗಿತ್ತು. ಕಬ್ಬಿಣದ ಕವಚ ತೊಟ್ಟವನನ್ನೂ ಉರುಳಿಸಬಲ್ಲ ದಪ್ಪ ಗುಂಡನ್ನು ಹಾರಿಸುವುದಕ್ಕಾಗಿ ಅಷ್ಟು ಭಾರ ಬೇಕಿತ್ತು. ಕ್ರಮೇಣ ಕವಚ ತೊಡುವುದೇ ಕಡಿಮೆಯಾಯಿತು, ಕೋವಿಯೂ ಹಗುರವಾಯಿತು. 18ನೆಯ ಶತಮಾನದ ಹೊತ್ತಿಗೆ ಅದರ ತೂಕ ಸುಮಾರು ನಾಲ್ಕೂವರೆ ಕಿಲೋಗ್ರಾಂಗೆ ಇಳಿದಿತ್ತು.

ಬೆಂಕಿ ಮದ್ದನ್ನು ಮುಟ್ಟುವ ಬಗೆ

ಕೋವಿಯ ಮದ್ದು ಮೂರು ಸಾಮಾನ್ಯ ವಸ್ತುಗಳ ಮಿಶ್ರಣ. ನೂರು ಪಾಲಿನಲ್ಲಿ ಸುಮಾರು 75 ಪಾಲು ಪೆಟ್ಲುಪ್ಪು, 15 ಪಾಲು ಇದ್ದಿಲು, 10 ಪಾಲು ಗಂಧಕ. ಇದ್ದಿಲು ಮತ್ತು ಗಂಧಕ ಉರಿಯುವ ಪದಾರ್ಥಗಳಾದರೆ, ಅವು ಉರಿಯಲು ಬೇಕಾದ ಆಮ್ಲಜನಕವನ್ನು ಒದಗಿಸುವುದು ಪೆಟ್ಲುಪ್ಪು. ಗಾಳಿಯ ಹಂಗಿಲ್ಲದೆ ಮುಚ್ಚಿದ ನಳಿಗೆಯೊಳಗೂ ಮದ್ದು ಧಗ್ಗನೆ ಉರಿಯುವುದು ಇದರಿಂದಲೇ. ಬಿಹಾರದ ಪಟ್ನಾ ಸುತ್ತಮುತ್ತ ತಯಾರಾಗುತ್ತಿದ್ದ ಪೆಟ್ಲುಪ್ಪು ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳಲ್ಲಿ ಇಂಗ್ಲೆಂಡಿಗೆ ಹೋಗುತ್ತಿತ್ತು. ಬ್ರಿಟಿಷರು ದೇಶದೇಶಗಳಲ್ಲಿ ಸುಟ್ಟ ಮದ್ದಿನಲ್ಲಿ ನಮ್ಮ ನೆಲದ ಉಪ್ಪೂ ಸಾಕಷ್ಟಿತ್ತು ಎಂಬುದನ್ನು ಇಲ್ಲಿ ಹೇಳಿಬಿಡಬೇಕು.

ಮದ್ದನ್ನು ನಳಿಗೆಯ ತಳದಲ್ಲಿ ತುಂಬಿದ ಮೇಲೆ ಅದಕ್ಕೆ ಹೊರಗಿನಿಂದ ಬೆಂಕಿ ಮುಟ್ಟಿಸಬೇಕು. ಇದಕ್ಕಾಗಿ ನಳಿಗೆಯ ಪಕ್ಕದಲ್ಲಿ ಒಂದು ಸಣ್ಣ ತೂತು, ತೂತಿನ ಹೊರಗೆ ಒಂದು ಪುಟ್ಟ ಬಟ್ಟಲು ಇರುತ್ತದೆ. ಆ ಬಟ್ಟಲಿನಲ್ಲಿ ಹಾಕುವ ನಯವಾದ ಮದ್ದಿಗೆ ‘ರಂಜಕ’ ಎಂದು ಹೆಸರು. ರಂಜಕಕ್ಕೆ ಕಿಡಿ ಬಿದ್ದರೆ ಅದು ಭಗ್ಗನೆ ಉರಿದು, ಜ್ವಾಲೆ ತೂತಿನ ಮೂಲಕ ಒಳಗೆ ಹೊಕ್ಕು, ಮುಖ್ಯ ಮದ್ದನ್ನು ಹೊತ್ತಿಸುತ್ತದೆ. ಕೆಲವೊಮ್ಮೆ ರಂಜಕ ಹೊರಗೇ ಉರಿದುಹೋಗಿ ಒಳಗಿನ ಮದ್ದಿಗೆ ಬೆಂಕಿ ಮುಟ್ಟುತ್ತಲೇ ಇರಲಿಲ್ಲ. ಸದ್ದು ಹೊಗೆಗಳ ಗದ್ದಲದಲ್ಲಿ ಇದು ಸೈನಿಕನ ಗಮನಕ್ಕೆ ಬಾರದೆ, ಅವನು ಒಂದರ ಮೇಲೊಂದು ಗುಂಡು ತುಂಬಿಕೊಂಡೇ ಹೋದರೆ, ಮುಂದೆ ಮದ್ದು ಹೊತ್ತಿಕೊಂಡಾಗ ನಳಿಗೆಯೇ ಸಿಡಿಯುವ ಅಪಾಯವಿತ್ತು.

ಕಿಡಿ ಹುಟ್ಟಿಸುವ ಉಪಾಯ ಕಾಲಕಾಲಕ್ಕೆ ಬದಲಾಯಿತು. ಮೊದಲಿನದು ಜಾಮಗಿ, ಅಂದರೆ ಪೆಟ್ಲುಪ್ಪಿನ ದ್ರಾವಣದಲ್ಲಿ ನೆನೆಸಿ ಒಣಗಿಸಿದ ಹುರಿ. ಊದುಬತ್ತಿಯ ಹಾಗೆ ನಿಧಾನವಾಗಿ ಕೆಂಡವಾಗಿ ಉರಿಯುವ ಈ ಹುರಿಯ ತುದಿಯನ್ನು ಟ್ರಿಗರ್ ಎಳೆದಾಗ ಬಟ್ಟಲಿಗೆ ಬಾಗಿಸುವ ಸರಳ ಸನ್ನೆಕೋಲು ಜಾಮಗಿ ಕೋವಿಯಲ್ಲಿತ್ತು. ಊರ ಕಮ್ಮಾರನೂ ಅದನ್ನು ದುರಸ್ತಿ ಮಾಡಬಲ್ಲವನಾಗಿದ್ದರಿಂದ ಭಾರತದಲ್ಲಿ ಈ ಬಗೆಯ ಕೋವಿ 19ನೆಯ ಶತಮಾನದವರೆಗೂ ಬಳಕೆಯಲ್ಲಿ ಉಳಿಯಿತು. ಆದರೆ ಮಳೆ ಬಂದರೆ ಹುರಿ ನಂದುತ್ತಿತ್ತು, ಕತ್ತಲಲ್ಲಿ ಅದರ ಕೆಂಪು ತುದಿ ಸೈನಿಕ ಇರುವ ಜಾಗವನ್ನು ಶತ್ರುವಿಗೆ ತೋರಿಸಿಕೊಡುತ್ತಿತ್ತು, ಸೊಂಟದಲ್ಲಿ ಮದ್ದಿನ ಚೀಲ ಕಟ್ಟಿಕೊಂಡವನು ಸದಾ ಕೈಯಲ್ಲಿ ಬೆಂಕಿ ಹಿಡಿದೇ ಓಡಾಡಬೇಕಾಗಿತ್ತು. ಪಕ್ಕದವನ ಹುರಿಯ ಕಿಡಿಯೂ ತನ್ನ ಮದ್ದಿಗೆ ತಗಲಬಹುದೆಂಬ ಕಾರಣದಿಂದ ಸೈನಿಕರು ಪರಸ್ಪರ ದೂರ ನಿಲ್ಲಬೇಕಾಗುತ್ತಿತ್ತು.

17ನೆಯ ಶತಮಾನದ ಆರಂಭದಲ್ಲಿ ಫ್ರಾನ್ಸಿನಲ್ಲಿ ರೂಪುಗೊಂಡ ಚಕಮಕಿ ಕೋವಿ ಈ ತೊಂದರೆಗಳಲ್ಲಿ ಬಹುಪಾಲನ್ನು ನೀಗಿಸಿತು. ಅದರ ‘ಕುದುರೆ’, ಅಂದರೆ ಸ್ಪ್ರಿಂಗಿನ ಬಲದಿಂದ ಹೊಡೆಯುವ ಭಾಗವು, ತನ್ನ ಬಾಯಲ್ಲಿ ಚಕಮಕಿ ಕಲ್ಲೊಂದನ್ನು ಕಚ್ಚಿಕೊಂಡಿರುತ್ತದೆ. ಟ್ರಿಗರ್ ಎಳೆದಾಗ ಕಲ್ಲು ಉಕ್ಕಿನ ತಗಡನ್ನು ಉಜ್ಜಿ ಕಿಡಿ ಹಾರಿಸುತ್ತದೆ. ಅದೇ ಹೊಡೆತಕ್ಕೆ ಬಟ್ಟಲಿನ ಮುಚ್ಚಳವೂ ತೆರೆದುಕೊಂಡು ಕಿಡಿ ರಂಜಕಕ್ಕೆ ಬೀಳುತ್ತದೆ. ಮುಚ್ಚಳವಿದ್ದುದರಿಂದ ಗಾಳಿಗೆ ರಂಜಕ ಹಾರಿಹೋಗುತ್ತಿರಲಿಲ್ಲ. ಹೊತ್ತಿ ಉರಿಯುವ ಹುರಿಯೇ ಇಲ್ಲದ್ದರಿಂದ ಸೈನಿಕರು ಭುಜಕ್ಕೆ ಭುಜ ತಾಗಿಸಿ ನಿಲ್ಲುವುದೂ ಸಾಧ್ಯವಾಯಿತು. ಹಾಗೆಂದು ಇದೂ ನಂಬಿಗಸ್ತ ಯಂತ್ರವೇನಲ್ಲ. ಕಲ್ಲು ಸವೆದಿದ್ದರೆ, ರಂಜಕ ತೇವವಾಗಿದ್ದರೆ, ತೂತು ಕಟ್ಟಿಕೊಂಡಿದ್ದರೆ ಕೋವಿ ಠುಸ್ಸೆನ್ನುತ್ತಿತ್ತು. ಜೋರು ಮಳೆಯಲ್ಲಂತೂ ಅದನ್ನು ನೆಚ್ಚುವಂತಿರಲಿಲ್ಲ.

ಒಂದು ಗುಂಡಿಗೆ ಎಷ್ಟು ಕೆಲಸ

18ನೆಯ ಶತಮಾನದ ಸೈನಿಕನ ಚರ್ಮದ ಪೆಟ್ಟಿಗೆಯಲ್ಲಿ ಕಾಗದದ ತೋಟಾಗಳಿರುತ್ತಿದ್ದವು. ಒಂದು ಗುಂಡು ಮತ್ತು ಒಂದು ಹೊಡೆತಕ್ಕೆ ಬೇಕಾದಷ್ಟು ಮದ್ದನ್ನು ಕಾಗದದಲ್ಲಿ ಸುತ್ತಿ ಕಟ್ಟಿದ ಸಣ್ಣ ಪೊಟ್ಟಣವೇ ತೋಟಾ. ಸೈನಿಕನು ಅದರ ತುದಿಯನ್ನು ಹಲ್ಲಿನಿಂದ ಕಚ್ಚಿ ಹರಿದು, ಚಿಟಿಕೆಯಷ್ಟು ಮದ್ದನ್ನು ಬಟ್ಟಲಿಗೆ ಹಾಕಿ ಮುಚ್ಚಳ ಮುಚ್ಚಿ, ಕೋವಿಯನ್ನು ನೆಟ್ಟಗೆ ನಿಲ್ಲಿಸಿ ಉಳಿದ ಮದ್ದನ್ನು ನಳಿಗೆಯ ಬಾಯಿಗೆ ಸುರಿದು, ಗುಂಡನ್ನೂ ಕಾಗದವನ್ನೂ ಅದರ ಹಿಂದೆ ತಳ್ಳಿ, ನಳಿಗೆಯ ಕೆಳಗೆ ಸಿಕ್ಕಿಸಿರುವ ಉದ್ದನೆಯ ಸಲಾಕೆಯನ್ನು ಹೊರಗೆಳೆದು ತಳದವರೆಗೂ ಗಿಡಿದು, ಸಲಾಕೆಯನ್ನು ಮತ್ತೆ ಅದರ ಜಾಗಕ್ಕೆ ಸೇರಿಸಿ, ಕುದುರೆಯನ್ನು ಪೂರ್ತಿ ಹಿಂದಕ್ಕೆಳೆದು, ಹೆಗಲಿಗೇರಿಸಿ ಹೊಡೆಯಬೇಕಾಗಿತ್ತು. ಇದಿಷ್ಟನ್ನೂ ಚೆನ್ನಾಗಿ ಪಳಗಿದ ಸೈನಿಕ ನಿಮಿಷಕ್ಕೆ ಎರಡು ಮೂರು ಬಾರಿ ಮಾಡುತ್ತಿದ್ದ. ಗಾಬರಿಯಲ್ಲಿ ಸಲಾಕೆಯನ್ನು ನಳಿಗೆಯೊಳಗೇ ಮರೆತು ಗುಂಡಿನ ಜೊತೆ ಹಾರಿಸಿಬಿಟ್ಟವರೂ ಇದ್ದರು. ಹಾಗಾದ ಮೇಲೆ ಅವರ ಕೋವಿ ಬರಿಯ ದೊಣ್ಣೆ.

ಸೈನ್ಯಗಳು ಕವಾಯತಿಗೆ ಅಷ್ಟೊಂದು ಬೆಲೆ ಕೊಟ್ಟದ್ದರ ಹಿಂದಿನ ಕಾರಣ ಇಲ್ಲಿ ಕಾಣುತ್ತದೆ. ಯೋಚನೆ ಮಾಡುವ ವ್ಯವಧಾನವೇ ಇಲ್ಲದ ಹೊತ್ತಿನಲ್ಲೂ ಕೈ ತಾನಾಗಿ ಈ ಸರಣಿಯನ್ನು ಮುಗಿಸಬೇಕಾದರೆ, ಸಾವಿರಾರು ಬಾರಿ ಮಾಡಿಸಿ ಅದನ್ನು ಅಭ್ಯಾಸಕ್ಕೆ ಇಳಿಸುವುದೊಂದೇ ದಾರಿಯಾಗಿತ್ತು.

ಗುಂಡು ಗುರಿ ತಪ್ಪುವುದೇಕೆ?

ಬ್ರಿಟಿಷರ ಪ್ರಸಿದ್ಧ ‘ಬ್ರೌನ್ ಬೆಸ್’ ಮಸ್ಕೆಟಿನ ನಳಿಗೆಯ ಒಳವ್ಯಾಸ ಸುಮಾರು 19 ಮಿಲಿಮೀಟರ್. ಅದಕ್ಕೆ ಹಾಕುತ್ತಿದ್ದ ಸೀಸದ ಗುಂಡಿನ ವ್ಯಾಸ ಸುಮಾರು 17.5 ಮಿಲಿಮೀಟರ್. ಒಂದೂವರೆ ಮಿಲಿಮೀಟರಿನ ಈ ಸಡಿಲವು ತಯಾರಿಕೆಯ ದೋಷವಲ್ಲ, ಬೇಕೆಂದೇ ಬಿಟ್ಟದ್ದು. ಕರಿಮದ್ದು ಉರಿದಾಗ ಅದರ ತೂಕದ ಅರ್ಧಕ್ಕಿಂತ ಹೆಚ್ಚು ಭಾಗ ಘನರೂಪದ ಮಸಿಯಾಗಿ ಉಳಿಯುತ್ತದೆ. ಅದರಲ್ಲಿ ಒಂದಷ್ಟು ಹೊಗೆಯಾಗಿ ಹೊರಬಿದ್ದರೆ ಉಳಿದದ್ದು ನಳಿಗೆಯ ಒಳಗೋಡೆಗೆ ಮೆತ್ತಿಕೊಳ್ಳುತ್ತದೆ. ನಳಿಗೆಗೆ ಸರಿಯಾಗಿ ಕೂರುವ ಗುಂಡನ್ನು ಮೊದಲ ಕೆಲವು ಬಾರಿ ಹೇಗೋ ಗಿಡಿಯಬಹುದು. ಆಮೇಲೆ ಸೌದೆ ಒಲೆಯ ಹೊಗೆಗೂಡಿನಂತೆ ಕಟ್ಟಿಕೊಂಡ ಮಸಿಯ ನಡುವೆ ಅದು ಅರ್ಧದಲ್ಲೇ ಸಿಕ್ಕಿಕೊಳ್ಳುತ್ತದೆ. ಯುದ್ಧದ ನಡುವೆ ನಳಿಗೆ ತೊಳೆಯುತ್ತ ಕೂರುವಂತಿಲ್ಲ. ಆದ್ದರಿಂದ ಗುರಿಯನ್ನು ಬಿಟ್ಟುಕೊಟ್ಟು ವೇಗವನ್ನು ಪಡೆಯುವ ಒಪ್ಪಂದಕ್ಕೆ ಸೈನ್ಯಗಳು ಬಂದವು. ಮಸ್ಕೆಟಿನ ಉಳಿದ ಕಥೆಯೆಲ್ಲ ನನ್ನ ಲೆಕ್ಕದಲ್ಲಿ ಈ ಒಂದೂವರೆ ಮಿಲಿಮೀಟರಿನ ಕಥೆಯೇ.

ಸಡಿಲವಾದ ಗುಂಡು ನಳಿಗೆಯೊಳಗೆ ನೇರವಾಗಿ ಸಾಗುವುದಿಲ್ಲ. ಪೈಪಿನೊಳಗೆ ಎಸೆದ ಗೋಲಿಯಂತೆ ಅದು ಅತ್ತಿತ್ತ ಬಡಿದುಕೊಳ್ಳುತ್ತ ಹೋಗುತ್ತದೆ, ಕೊನೆಯ ಬಾರಿ ಯಾವ ಕಡೆಯ ಗೋಡೆಗೆ ತಗಲಿತೋ ಅದಕ್ಕೆ ತಕ್ಕಂತೆ ಒಂದು ಬದಿಗೆ ತಿರುಗುತ್ತ ಹೊರಬೀಳುತ್ತದೆ. ಕ್ರಿಕೆಟ್ ನೋಡುವವರಿಗೆ ಮುಂದಿನದು ಸುಲಭವಾಗಿ ಅರ್ಥವಾದೀತು. ತಿರುಗುತ್ತ ಸಾಗುವ ಚೆಂಡು ಗಾಳಿಯಲ್ಲಿ ಒಂದು ಕಡೆಗೆ ವಾಲುವ ಹಾಗೆ ತಿರುಗುವ ಗುಂಡೂ ದಾರಿಯಿಂದ ಸರಿಯುತ್ತದೆ. ಸ್ಪಿನ್ನರ್ ತನ್ನ ಚೆಂಡು ಯಾವ ಕಡೆ ತಿರುಗುತ್ತದೆಂದು ಬಲ್ಲ, ಮಸ್ಕೆಟ್ ಹೊಡೆಯುವವನಿಗೆ ಆ ಸುಳಿವೇ ಇಲ್ಲ. ಒಂದು ಗುಂಡು ಎಡಕ್ಕೆ ಸರಿದರೆ ಇನ್ನೊಂದು ಬಲಕ್ಕೆ, ಮತ್ತೊಂದು ನೆಲಕ್ಕೆ.

ಈ ವಿಷಯವನ್ನು ಪ್ರಯೋಗಗಳ ಮೂಲಕ ವಿವರಿಸಿದವನು ಬೆಂಜಮಿನ್ ರಾಬಿನ್ಸ್ ಎಂಬ ಇಂಗ್ಲಿಷ್ ಗಣಿತಜ್ಞ. ಗುಂಡಿನ ವೇಗ ಅಳೆಯಲು ಅವನು ಕಂಡುಕೊಂಡ ಉಪಾಯ ಸರಳವಾಗಿತ್ತು. ತೂಗುಬಿಟ್ಟ ಭಾರವಾದ ಮರದ ಹಲಗೆಗೆ ಗುಂಡು ಹೊಡೆದು, ಹಲಗೆ ಎಷ್ಟು ಹಿಂದಕ್ಕೆ ತೂಗಿತೆಂಬುದರಿಂದ ಗುಂಡಿನ ವೇಗವನ್ನು ಲೆಕ್ಕಹಾಕಿದ. ನಳಿಗೆಯಿಂದ ಹೊರಬೀಳುವ ಗುಂಡು ಶಬ್ದಕ್ಕಿಂತ ವೇಗವಾಗಿ ಹೋಗುತ್ತದೆ, ಆದರೆ ಗಾಳಿಯ ತಡೆಯಿಂದಾಗಿ ಬಲುಬೇಗ ಸೋಲುತ್ತದೆ ಎಂಬುದು ಇದರಿಂದ ಗೊತ್ತಾಯಿತು. ಅವನ ಕೃತಿ 1742ರಲ್ಲಿ ಪ್ರಕಟವಾಯಿತು. ಮುಂದೆ ಈಸ್ಟ್ ಇಂಡಿಯಾ ಕಂಪನಿಯ ಕೋಟೆಗಳನ್ನು ಬಲಪಡಿಸುವ ಎಂಜಿನಿಯರನಾಗಿ ಭಾರತಕ್ಕೆ ಬಂದ ರಾಬಿನ್ಸ್, 1751ರಲ್ಲಿ ಕಡಲೂರಿನ ಬಳಿಯ ಸೇಂಟ್ ಡೇವಿಡ್ ಕೋಟೆಯಲ್ಲಿ ತೀರಿಕೊಂಡ.

ಹಾಗಿದ್ದರೆ ರೈಫಲ್ ಯಾಕೆ ಬಳಸಲಿಲ್ಲ? ಬುಗುರಿಯನ್ನು ಸುಮ್ಮನೆ ಮೊಳೆಯ ಮೇಲೆ ನಿಲ್ಲಿಸಿದರೆ ಬೀಳುತ್ತದೆ, ತಿರುಗಿಸಿ ಬಿಟ್ಟರೆ ನೆಟ್ಟಗೆ ನಿಲ್ಲುತ್ತದೆ. ರೈಫಲಿನ ಗೀರುಗಳು ಗುಂಡಿಗೆ ಮಾಡುವ ಉಪಕಾರವೂ ಅಂಥದ್ದೇ: ಸಾಗುವ ದಿಕ್ಕನ್ನೇ ಅಕ್ಷವಾಗಿಸಿ ತಿರುಗಿಸುವುದರಿಂದ ಗುಂಡು ದಾರಿ ಬಿಡುವುದಿಲ್ಲ. ಇದು ಮಸ್ಕೆಟಿನ ಕಾಲದಲ್ಲೂ ಗೊತ್ತಿತ್ತು, ಬೇಟೆಗಾರರು ಅಂಥ ಕೋವಿಗಳನ್ನು ಬಳಸುತ್ತಲೂ ಇದ್ದರು. ಆದರೆ ಗೀರುಗಳು ಗುಂಡನ್ನು ಹಿಡಿಯಬೇಕಾದರೆ ಗುಂಡು ಬಿಗಿಯಾಗಿರಬೇಕು, ಬಿಗಿಯಾದ ಗುಂಡನ್ನು ಬಾಯಿಯಿಂದ ತಳದವರೆಗೆ ಬಡಿದು ಇಳಿಸಲು ಹೆಚ್ಚು ಹೊತ್ತು ಬೇಕು. ಕಾದು ಕುಳಿತ ಬೇಟೆಗಾರನಿಗೆ ಅಷ್ಟು ಸಮಯವಿರುತ್ತದೆ. ಎದುರಿನಿಂದ ಕುದುರೆ ಪಡೆ ನುಗ್ಗಿ ಬರುತ್ತಿರುವ ಸೈನಿಕನಿಗೆ ಇರುವುದಿಲ್ಲ.

ಬಯಲಿನಲ್ಲಿ ಸಾಲಾಗಿ ನಿಲ್ಲುವುದು ಮೂರ್ಖತನವೇ?

ಹಳೆಯ ಯುದ್ಧಗಳ ಚಿತ್ರ ನೋಡಿದವರೆಲ್ಲರೂ ಒಮ್ಮೆಯಾದರೂ ಕೇಳುವ ಪ್ರಶ್ನೆ ಇದು. ಮರೆಯಲ್ಲಿ ಅಡಗಿ ಹೊಡೆಯುವುದನ್ನು ಬಿಟ್ಟು, ಕಣ್ಣು ಕುಕ್ಕುವ ಬಣ್ಣದ ಕೋಟು ತೊಟ್ಟು, ತಮಟೆಯ ತಾಳಕ್ಕೆ ಹೆಜ್ಜೆ ಹಾಕಿ ಶತ್ರುವಿನ ಮುಂದೆ ನೆಟ್ಟಗೆ ನಿಲ್ಲುವುದೆಂದರೇನು? ಉತ್ತರ ಮತ್ತೆ ಕೋವಿಯ ರಚನೆಯಲ್ಲೇ ಇದೆ.

ಒಂಟಿ ಮಳೆಹನಿ ಎಲ್ಲಿ ಬೀಳುತ್ತದೆಂದು ಯಾರೂ ಹೇಳಲಾರರು, ಆದರೆ ಜಡಿಮಳೆಯಲ್ಲಿ ಕೊಡೆಯಿಲ್ಲದೆ ನಡೆದವನು ತೊಯ್ಯುವುದು ಖಂಡಿತ. ಒಬ್ಬನ ಗುಂಡು ನೂರು ಗಜದಾಚೆ ನಿಂತ ಒಬ್ಬನಿಗೆ ತಗಲುವುದು ಅದೃಷ್ಟದ ಮಾತಾಗಿದ್ದರೂ, ಐನೂರು ಜನ ಒಟ್ಟಿಗೆ ಹೊಡೆದರೆ ಎದುರಿನ ಸಾಲಿನಲ್ಲಿ ಯಾರಿಗಾದರೂ ತಗಲಿಯೇ ತಗಲುತ್ತಿತ್ತು. ಪ್ರಷ್ಯದ ಸೈನ್ಯ ನಡೆಸಿದ ಒಂದು ಪರೀಕ್ಷೆಯಲ್ಲಿ, ನೂರು ಅಡಿ ಉದ್ದ, ಆರು ಅಡಿ ಎತ್ತರದ ಬಟ್ಟೆಯನ್ನೇ ಶತ್ರುಸಾಲೆಂದು ಭಾವಿಸಿ ಹೊಡೆದಾಗ, 75 ಗಜ ದೂರದಿಂದ ನೂರರಲ್ಲಿ 60 ಗುಂಡುಗಳೂ 150 ಗಜದಿಂದ 40 ಗುಂಡುಗಳೂ 225 ಗಜದಿಂದ 25 ಗುಂಡುಗಳೂ ತಗಲಿದವು. ಇದು ಯಾರೂ ಎದುರು ಹೊಡೆಯದ, ಹೊಗೆಯಿಂದ ಕಣ್ಣು ಕಟ್ಟದ ಪರೀಕ್ಷೆ. ರಣರಂಗದಲ್ಲಿ ತಗಲುತ್ತಿದ್ದದ್ದು ಇದಕ್ಕಿಂತ ಬಹಳ ಕಡಿಮೆ. ಆದ್ದರಿಂದ ಶತ್ರು ಐವತ್ತು ಅರವತ್ತು ಗಜಕ್ಕೆ ಬರುವವರೆಗೂ ಗುಂಡು ಹಾರಿಸದೆ ಕಾಯುವ ಪಡೆಗೇ ಮೇಲುಗೈ ಸಿಗುತ್ತಿತ್ತು.

ನೆಟ್ಟಗೆ ನಿಲ್ಲುವುದಕ್ಕೂ ಕಾರಣವಿದೆ. ಮದ್ದು ತಳಕ್ಕೆ ಇಳಿಯಬೇಕಾದರೆ ಕೋವಿಯ ಬಾಯಿ ಮೇಲಕ್ಕಿರಬೇಕು, ಮಲಗಿಕೊಂಡು ಸಲಾಕೆ ಗಿಡಿಯುವುದು ಬಹಳ ಕಷ್ಟ. ಬಣ್ಣದ ಕೋಟು, ಬಾವುಟ, ತಮಟೆಗಳ ಅಗತ್ಯವನ್ನು ಹುಟ್ಟಿಸಿದ್ದು ಹೊಗೆ. ಕೆಲವು ಸುತ್ತು ಗುಂಡು ಹಾರಿದೊಡನೆ ಬಯಲೆಲ್ಲ ಬಿಳಿ ಹೊಗೆಯಿಂದ ಮುಚ್ಚಿಹೋಗಿ, ಪಕ್ಕದ ಪಡೆ ತಮ್ಮವರದೋ ವೈರಿಯದೋ ತಿಳಿಯುತ್ತಿರಲಿಲ್ಲ.

ಮಸ್ಕೆಟಿನ ನಿಧಾನವನ್ನು ಮುಚ್ಚಿಕೊಳ್ಳಲು ಸೈನ್ಯಗಳು ಎರಡು ಉಪಾಯಗಳನ್ನು ಕಂಡುಕೊಂಡವು. ಒಂದು, ಸರದಿ. ಮುಂದಿನ ಸಾಲು ಗುಂಡು ಹಾರಿಸಿ ಹಿಂದಕ್ಕೆ ಹೋಗಿ ತುಂಬಿಕೊಳ್ಳುವಷ್ಟರಲ್ಲಿ ಅದರ ಹಿಂದಿನ ಸಾಲು ಮುಂದೆ ಬಂದು ಹಾರಿಸುವ ಈ ಕ್ರಮವನ್ನು ನೆದರ್ಲೆಂಡ್ಸಿನ ನಸ್ಸೌ ಮನೆತನದ ವಿಲಿಯಂ ಲೂಯಿ 1594ರಲ್ಲಿ ತನ್ನ ಸೋದರಸಂಬಂಧಿ ಮಾರಿಸನಿಗೆ ಬರೆದ ಪತ್ರದಲ್ಲಿ ವಿವರಿಸಿದ್ದಾನೆ. ಇನ್ನೊಂದು, ಬಯೋನೆಟ್, ಅಂದರೆ ಕೋವಿಯ ತುದಿಗೆ ಸಿಕ್ಕಿಸುವ ಕತ್ತಿ. ನಾಗಾಲೋಟದ ಕುದುರೆ ಇನ್ನೂರು ಮೀಟರನ್ನು ಅರ್ಧ ನಿಮಿಷದೊಳಗೆ ದಾಟುತ್ತದೆ, ಅಂದರೆ ಸೈನಿಕನಿಗೆ ಒಂದು ಗುಂಡು ಹಾರಿಸಲು, ಹೆಚ್ಚೆಂದರೆ ಎರಡನೆಯದನ್ನು ತುಂಬಲು ಸಮಯವಿರುತ್ತದೆ. ಮೊದಲು ಕೋವಿಯವರನ್ನು ಕಾಯಲು ಉದ್ದನೆಯ ಈಟಿ ಹಿಡಿದವರ ಪ್ರತ್ಯೇಕ ಪಡೆಯೇ ಬೇಕಾಗಿತ್ತು. 17ನೆಯ ಶತಮಾನದಲ್ಲಿ ನಳಿಗೆಯ ಬಾಯಿಗೇ ಬಿರಡೆಯಂತೆ ಸಿಕ್ಕಿಸುವ ಕತ್ತಿ ಬಂತಾದರೂ ಅದನ್ನು ಸಿಕ್ಕಿಸಿದ ಮೇಲೆ ಗುಂಡು ಹೊಡೆಯಲಾಗುತ್ತಿರಲಿಲ್ಲ. ಶತಮಾನದ ಕೊನೆಯಲ್ಲಿ, ನಳಿಗೆಯ ಹೊರಮೈಗೆ ಬಳೆಯಂತೆ ತೊಡಿಸುವ ಬಯೋನೆಟ್ ಬಂದಾಗ ಕೋವಿಯೇ ಈಟಿಯೂ ಆಯಿತು, ಈಟಿಯ ಪಡೆಗಳು ಮರೆಯಾದವು.

ಮೈಸೂರಿನ ಕೋವಿಗಳು

18ನೆಯ ಶತಮಾನದ ದಕ್ಷಿಣ ಭಾರತದಲ್ಲಿ ಪಾಳೆಯಗಾರರ ಪಡೆಗಳ ಕೈಯಲ್ಲಿ ಹೆಚ್ಚಾಗಿ ಜಾಮಗಿ ಕೋವಿಗಳೂ ಕಂಪನಿಯ ಸಿಪಾಯಿಗಳ ಕೈಯಲ್ಲಿ ಚಕಮಕಿ ಮಸ್ಕೆಟ್‌ಗಳೂ ಇದ್ದವು. ಕವಾಯತು ಕಲಿತ ಕಾಲಾಳುಗಳ ಬಲವನ್ನು ಗುರುತಿಸಿದ ಹೈದರ್ ಅಲಿ ಮತ್ತು ಟಿಪ್ಪು ಸುಲ್ತಾನ್ ಅಂಥದೇ ಪಡೆಗಳನ್ನು ಕಟ್ಟಿದರು. ಟಿಪ್ಪು ತನ್ನ ರಾಜ್ಯದಲ್ಲೇ ಚಕಮಕಿ ಕೋವಿಗಳನ್ನು ತಯಾರಿಸುವ ಕಾರ್ಖಾನೆಗಳನ್ನು ನಡೆಸಿದ. ಅಲ್ಲಿಂದ ಬಂದ ಕೋವಿಗಳ ಮೇಲೆ ಹುಲಿಪಟ್ಟೆಯ ಗುರುತನ್ನೂ ಅವನೇ ಜಾರಿಗೆ ತಂದ ಮೌಲೂದಿ ಶಕೆಯ ವರ್ಷವನ್ನೂ ಇಂದಿಗೂ ಕಾಣಬಹುದು. ಸೈನಿಕರ ಕವಾಯತಿಗೆಂದು ‘ಫತ್‌ಹುಲ್ ಮುಜಾಹಿದೀನ್’ ಎಂಬ ಕೈಪಿಡಿಯನ್ನೂ ಬರೆಸಿದ. ಕೋವಿಯನ್ನು ಎರಕಹೊಯ್ದಂತೆ ನಕಲು ಮಾಡುವುದು ಸುಲಭ, ಅದರ ಹಿಂದಿನ ಶಿಸ್ತನ್ನು ನೆಲೆಗೊಳಿಸುವುದು ಕಷ್ಟ ಎಂಬುದು ಅವನಿಗೆ ತಿಳಿದಿತ್ತೆಂಬುದಕ್ಕೆ ಆ ಕೈಪಿಡಿಗಿಂತ ಬೇರೆ ಸಾಕ್ಷಿ ಬೇಡ.

ಪ್ರಭಾವ ಒಂದೇ ದಿಕ್ಕಿನಲ್ಲಿ ಹರಿಯಲಿಲ್ಲ. ಕಂಪನಿಯು ತನ್ನ ಭಾರತೀಯ ಪಡೆಗಳಿಗೆಂದು ಮಾಡಿಸುತ್ತಿದ್ದ ‘ಇಂಡಿಯಾ ಪ್ಯಾಟರ್ನ್’ ಮಸ್ಕೆಟಿನ ನಳಿಗೆ ಬ್ರಿಟಿಷ್ ಸೈನ್ಯದ ಕೋವಿಗಿಂತ ಗಿಡ್ಡ, ತಯಾರಿಕೆಯೂ ಅಗ್ಗ. ಫ್ರಾನ್ಸಿನೊಂದಿಗಿನ ಯುದ್ಧದಿಂದಾಗಿ ಕೋವಿಗಳ ಕೊರತೆ ಬಿದ್ದಾಗ ಬ್ರಿಟನ್ ಸರ್ಕಾರ ಕಂಪನಿಯ ದಾಸ್ತಾನನ್ನೇ ತೆಗೆದುಕೊಂಡು, 1797ರಲ್ಲಿ ಇದೇ ಮಾದರಿಯನ್ನು ತನ್ನ ಸೈನ್ಯಕ್ಕೂ ಗೊತ್ತುಪಡಿಸಿತು. 1815ರ ವಾಟರ್ಲೂ ಕದನದಲ್ಲಿ ನೆಪೋಲಿಯನ್ನನ ಕುದುರೆ ಪಡೆಯನ್ನು ಬಯೋನೆಟ್‌ಗಳ ಚೌಕದಿಂದ ತಡೆದ ಬ್ರಿಟಿಷ್ ಕಾಲಾಳುಗಳ ಕೈಯಲ್ಲಿದ್ದದ್ದು ಬಹುಮಟ್ಟಿಗೆ ಭಾರತಕ್ಕೆಂದು ರೂಪಿಸಿದ ಈ ಕೋವಿಯೇ.

ಗುಂಡು ಒಳಗೇ ಹಿಗ್ಗಿದಾಗ

ಚಕಮಕಿ ಕಲ್ಲಿನ ಕಾಲ ಮೊದಲು ಮುಗಿಯಿತು. ಪೆಟ್ಟು ಬಿದ್ದರೆ ಸಿಡಿಯುವ ರಾಸಾಯನಿಕವನ್ನು ಕೋವಿಗೆ ಬಳಸುವ ವಿಧಾನಕ್ಕೆ ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಫಾರ್ಸಿತ್ 1807ರಲ್ಲಿ ಪೇಟೆಂಟ್ ಪಡೆದ. ಮುಂದೆ ಅದು ತಾಮ್ರದ ಪುಟ್ಟ ಟೊಪ್ಪಿಗೆಯ ರೂಪ ತಾಳಿತು. ನಮ್ಮ ಮಲೆನಾಡಿನಲ್ಲಿ ‘ಕೇಪು’ ಎನ್ನುವುದು ಇದನ್ನೇ. ಕುದುರೆ ಕೇಪಿನ ಮೇಲೆ ಬಡಿದರೆ ಕಿಡಿ ನೇರವಾಗಿ ನಳಿಗೆಯೊಳಗೆ ಹೋಗುತ್ತದೆ, ರಂಜಕವೂ ಬೇಡ, ಬಟ್ಟಲೂ ಬೇಡ, ಮಳೆಯ ಭಯವೂ ಕಡಿಮೆ.

ಒಂದೂವರೆ ಮಿಲಿಮೀಟರಿನ ಸಮಸ್ಯೆಯನ್ನು ಬಿಡಿಸಿದ್ದು ಫ್ರಾನ್ಸಿನ ಸೇನಾಧಿಕಾರಿ ಮಿನ್ಯೆಯ ಹೆಸರಿನಲ್ಲಿ 1840ರ ದಶಕದ ಕೊನೆಯಲ್ಲಿ ಬಂದ ಗುಂಡು. ಅದು ಉರುಟಲ್ಲ, ಮುಂದೆ ಚೂಪಾಗಿ ಹಿಂದೆ ಟೊಳ್ಳಾಗಿರುತ್ತದೆ. ನಳಿಗೆಗಿಂತ ಕಿರಿದಾದ್ದರಿಂದ ಸಲೀಸಾಗಿ ಒಳಗಿಳಿಯುತ್ತದೆ. ಮದ್ದು ಉರಿದಾಗ ಅದರ ಒತ್ತಡಕ್ಕೆ ಮೆತ್ತನೆಯ ಸೀಸದ ಟೊಳ್ಳು ಭಾಗ ಹಿಗ್ಗಿ ಗೀರುಗಳನ್ನು ಬಿಗಿಯಾಗಿ ಕಚ್ಚಿಕೊಂಡು, ಬುಗುರಿಯಂತೆ ತಿರುಗುತ್ತ ಹೊರಬೀಳುತ್ತದೆ. ತುಂಬುವಾಗ ಸಣ್ಣದು, ಹಾರುವಾಗ ಬಿಗಿ. ಬ್ರಿಟಿಷರು ಇದೇ ತತ್ವದ ಮೇಲೆ 1853ರ ಎನ್‌ಫೀಲ್ಡ್ ಕೋವಿಯನ್ನು ತಂದರು. ಅದರ ತೋಟಾಕ್ಕೆ ಜಿಡ್ಡು ಸವರಬೇಕಾಗಿತ್ತು, ತೋಟಾವನ್ನು ಹಲ್ಲಿನಿಂದ ಕಚ್ಚುವ ಮಸ್ಕೆಟ್ ಕಾಲದ ಕವಾಯತು ಮಾತ್ರ ಹಾಗೇ ಉಳಿದಿತ್ತು. ಆ ಜಿಡ್ಡು ದನ ಮತ್ತು ಹಂದಿಯ ಕೊಬ್ಬೆಂಬ ಸಂಶಯ 1857ರಲ್ಲಿ ಸಿಪಾಯಿಗಳನ್ನು ಕೆರಳಿಸಿದ್ದು ಎಲ್ಲರಿಗೂ ತಿಳಿದದ್ದೇ. ತೋಟಾ ಕಚ್ಚುವ ಪದ್ಧತಿ ಯಾಕಿತ್ತು ಎಂಬುದನ್ನು ತಿಳಿದರೆ ಆ ಪ್ರಸಂಗ ಇನ್ನಷ್ಟು ಸ್ಪಷ್ಟವಾಗುತ್ತದೆ.

ದಂಗೆಯ ಬೆನ್ನಲ್ಲೇ ಬ್ರಿಟಿಷರು ಜನರಿಂದ ಆಯುಧ ಕಸಿದುಕೊಳ್ಳಲು ಹೊರಟರು. ಈಗಿನ ಬಾಗಲಕೋಟೆ ಜಿಲ್ಲೆಯ ಹಲಗಲಿಯ ಬೇಡರು 1857ರ ಕೊನೆಯಲ್ಲಿ ಬಂಡೆದ್ದದ್ದು ಇದನ್ನು ವಿರೋಧಿಸಿಯೇ. ಸೈನ್ಯದೊಳಗೂ ಬದಲಾವಣೆಯಾಯಿತು. ಗೋರಾ ಪಡೆಗಳಿಗೆ ರೈಫಲ್ ಉಳಿಸಿ, ಭಾರತೀಯ ಸಿಪಾಯಿಗಳಿಗೆ ಹೊರನೋಟಕ್ಕೆ ಎನ್‌ಫೀಲ್ಡಿನಂತೆಯೇ ಇರುವ, ಆದರೆ ಒಳಗೆ ಗೀರುಗಳಿಲ್ಲದ ಕೋವಿಯನ್ನು ಮಾಡಿಸಿ ಕೊಟ್ಟರು. ತಂತ್ರಜ್ಞಾನವನ್ನು ಬೇಕೆಂದೇ ಹಿಂದಕ್ಕೆ ತಿರುಗಿಸಿದ ಇಂಥ ಉದಾಹರಣೆಗಳು ಆಯುಧಗಳ ಚರಿತ್ರೆಯಲ್ಲಿ ವಿರಳ.

1866ರಲ್ಲಿ ಪ್ರಷ್ಯದ ಸೈನಿಕರು ಹಿಂಭಾಗದಿಂದ ತುಂಬುವ ಕೋವಿಗಳನ್ನು ಹಿಡಿದು, ಬೇಕಾದಾಗ ಮಲಗಿಕೊಂಡೇ ಗುಂಡು ಹಾರಿಸುತ್ತ, ನಿಂತು ಸಲಾಕೆ ಗಿಡಿಯುತ್ತಿದ್ದ ಆಸ್ಟ್ರಿಯದ ಸೈನ್ಯವನ್ನು ಸೋಲಿಸಿದ ಮೇಲೆ, ಬಾಯಿಯಿಂದ ತುಂಬುವ ಕೋವಿ ದೊಡ್ಡ ಸೈನ್ಯಗಳಿಂದ ಬೇಗನೆ ಮರೆಯಾಯಿತು.

ಊರಿನಲ್ಲಿ ಉಳಿದದ್ದು

ಸೈನ್ಯ ಬಿಟ್ಟದ್ದನ್ನು ಹಳ್ಳಿ ಬಿಡಲಿಲ್ಲ. ಮಲೆನಾಡಿನ ‘ಕೇಪಿನ ಕೋವಿ’ ಕಾಲಾಳುವಿನ ಮಸ್ಕೆಟ್ ಅಲ್ಲವಾದರೂ ಅದರ ಬಹುಪಾಲು ಅಂಗಗಳನ್ನು ಉಳಿಸಿಕೊಂಡಿದೆ: ನುಣುಪಾದ ನಳಿಗೆ, ಬಾಯಿಯಿಂದ ಸುರಿಯುವ ಮದ್ದು, ಗಿಡಿಯುವ ಸಲಾಕೆ, ಬಡಿಯುವ ಕುದುರೆ. ಒಂದು ಗುಂಡಿನ ಬದಲು ಚರೆ ತುಂಬುವುದೂ ಉಂಟು. ಕೊಡವರಿಗೆ 1861ರಲ್ಲಿ ಬ್ರಿಟಿಷರು ನೀಡಿದ ಆಯುಧ ಕಾನೂನಿನ ವಿನಾಯಿತಿ ಸ್ವಾತಂತ್ರ್ಯಾನಂತರವೂ ಮುಂದುವರಿದಿದ್ದು, ಕೈಲ್‌ಪೊಳ್ದ್ ಹಬ್ಬದಂದು ಅಲ್ಲಿ ಕೋವಿಗೆ ಪೂಜೆ ಸಲ್ಲುತ್ತದೆ. 1959ರ ಆಯುಧ ಕಾಯ್ದೆಯು ಪರವಾನಗಿಯ ವಿಷಯದಲ್ಲಿ, ಬೆಳೆ ರಕ್ಷಣೆಗೆ ಬಳಸುವ ಬಾಯಿಯಿಂದ ತುಂಬುವ ಕೋವಿಯನ್ನು ಬೇರೆಯಾಗಿಯೇ ಹೆಸರಿಸಿದೆ. ಒಂದು ಗುಂಡು ಹಾರಿಸಿದವನು ಇನ್ನೊಂದನ್ನು ತುಂಬಲು ಮತ್ತೆ ಮದ್ದು ಸುರಿದು, ಸಲಾಕೆ ಗಿಡಿದು, ಕೇಪು ಇಡಬೇಕು. ಅಷ್ಟರಲ್ಲಿ ಹಂದಿ ತೋಟ ದಾಟಿ ಕಾಡು ಸೇರಿರುತ್ತದೆ.